ಕೊನೆಯ ಪುಟದ ಇಸ್ತ್ರಿ

ಅಂಟಿಕೊಂಡ ಎರಡು ಹಾಳೆಗಳನ್ನು ಹರಿಯದೆ ಬಿಡಿಸುವುದು ಈ ಭೂಮಂಡಲದಲ್ಲಿ ಯಾರಿಗಾದರೂ ಸಾಧ್ಯವಿದ್ದರೆ ಅದು ನನಗೆ ಮಾತ್ರ ಎಂದು ನಾನು ನಾಲ್ಕು ಜನರ ಎದುರಿಗೆ ಎದ್ದು ನಿಂತು ಘೋಷಿಸಿದೆ. ಆ ನಾಲ್ವರಲ್ಲಿ ಒಬ್ಬರು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಮೂಲೆಯ ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದವರು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ಬಟಾಣಿಗೆ ಮರಳಿದರು. ಅದನ್ನು ನಾನು ಮೆಚ್ಚುಗೆ ಎಂದು ಲೆಕ್ಕಕ್ಕೆ ತೆಗೆದುಕೊಂಡೆ.

ಹೀಗೆ ಹೇಳಿಕೊಳ್ಳಲು ನನಗೆ ಆಧಾರವಿತ್ತು. ನಾನು ರಸಾಯನಶಾಸ್ತ್ರದ ಪದವೀಧರ. ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ. ಒಂದು ಲೀಟರ್ ನೀರಿನಲ್ಲಿ ಮಿಲಿಗ್ರಾಮಿನ ಹತ್ತನೇ ಒಂದು ಭಾಗ ಕಬ್ಬಿಣ ಅಡಗಿ ಕುಳಿತರೂ ಕಿವಿ ಹಿಡಿದು ಹೊರಗೆಳೆಯುವವನು. ಮನೆಯಲ್ಲಿ ನನ್ನ ಬಳಿ ಸಾವಿರದ ನೂರ ಹನ್ನೆರಡು ಕಾಮಿಕ್ಸ್ ಪುಸ್ತಕಗಳಿವೆ. ಪ್ರತಿಯೊಂದಕ್ಕೂ ಪಾರದರ್ಶಕ ಲಕೋಟೆ, ಕ್ರಮಸಂಖ್ಯೆ, ಮೂಲೆಗಳ ಸ್ಥಿತಿಗತಿ ಬರೆದಿಟ್ಟ ಆರೋಗ್ಯದ ಕಾರ್ಡು. ಕಪಾಟಿನ ಬಾಗಿಲಿಗೆ ‘ಕೈಗವಸಿಲ್ಲದೆ ಮುಟ್ಟಬಾರದು’ ಎಂಬ ಫಲಕ.

“ನಮ್ಮ ಮದುವೆಯ ಸರ್ಟಿಫಿಕೇಟು ಎಲ್ಲಿದೆ ಅಂತ ಇವರಿಗೆ ಗೊತ್ತಿಲ್ಲ” ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. “ಕಾಮಿಕ್ಸಿಗೆ ಜ್ವರ ಬಂದ್ರೆ ಮಾತ್ರ ಗೊತ್ತಾಗುತ್ತೆ.”

ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯ ಹಜಾರದಲ್ಲಿ ‘ಚೌಕಟ್ಟು ಬಳಗ’ ಸೇರುತ್ತದೆ. ನನ್ನನ್ನು ಬಿಟ್ಟರೆ ಮೂವರು ಸದಸ್ಯರು. ಒಬ್ಬರು ಔಷಧದಂಗಡಿಯ ಮಾಲೀಕರು. ಕಾಮಿಕ್ಸ್ ಕಂಪನಿಗಳು ಏಕೆ ಮುಚ್ಚಿದವು, ಯಾವ ವರ್ಷ ಅಚ್ಚಿನ ಬಣ್ಣ ನಾಲ್ಕರಿಂದ ಮೂರಕ್ಕೆ ಇಳಿಯಿತು ಎಂಬುದೆಲ್ಲ ಅವರ ವಿಭಾಗ. ಇನ್ನೊಬ್ಬರು ಸರ್ವೇಯರ್ ಮೇಡಂ. ಊರಿನ ನಿವೇಶನಗಳನ್ನು ಅಳೆದು ಸುಸ್ತಾದ ಮೇಲೆ ಭಾನುವಾರ ಚಿತ್ರಗಳನ್ನು ಅಳೆಯುತ್ತಾರೆ. ಮೂರನೆಯವರು ಎರಡು ತಿಂಗಳ ಹಿಂದಷ್ಟೇ ಸೇರಿದ ನಿವೃತ್ತ ಪೋಸ್ಟ್‌ಮಾಸ್ಟರು. ಮಾತು ಕಡಿಮೆ, ಗಡಿಯಾರದಂಥ ಮನುಷ್ಯ.

ನಾವೆಲ್ಲ ಒಂದಾಗಿರುವುದು, ಹಾಗೂ ವಾರಕ್ಕೊಮ್ಮೆ ಬೇರೆಯಾಗುವುದು, ‘ಕಪ್ಪು ಕೊಡೆ’ ಎಂಬ ಹಳೆಯ ಮಾಸಿಕದ ವಿಷಯದಲ್ಲಿ. ಒಂದು ನಗರ, ಅಲ್ಲೊಂದು ಹವಾಮಾನ ಕಚೇರಿ. ಮಳೆ ಬಂದ ದಿನವೆಲ್ಲ ಕಪ್ಪು ಕೊಡೆ ಹಿಡಿದ ಒಬ್ಬ ಬಂದು ಕೇಡಿಗಳನ್ನು ಬಡಿದು, ಕೊಡೆಯಡಿ ಮುಖ ಮರೆಸಿಕೊಂಡು ಮಾಯವಾಗುತ್ತಾನೆ. ತೊಂಬತ್ತಾರು ಸಂಚಿಕೆ ಬಂತು. ತೊಂಬತ್ತೈದರಲ್ಲಿ ಅವನ ಮುಖ ಒಮ್ಮೆಯೂ ಕಾಣಲಿಲ್ಲ. ತೊಂಬತ್ತಾರನೆಯದರ ಮುಖಪುಟದ ಮೇಲೆ ‘ಈ ಸಂಚಿಕೆಯಲ್ಲಿ ಕೊಡೆ ಮಡಚಲಾಗುವುದು’ ಎಂದು ಅಚ್ಚಾಗಿತ್ತಂತೆ. ಅದೇ ತಿಂಗಳು ಕಂಪನಿಯೇ ಮಡಚಿಕೊಂಡಿತು. ಕೆಲವು ಚಂದಾದಾರರಿಗೆ ಹೋದದ್ದು ಬಿಟ್ಟರೆ ಆ ಸಂಚಿಕೆ ಹೊರಗೆ ಬರಲೇ ಇಲ್ಲ.

ಅಂದಿನಿಂದ ಅಭಿಮಾನಿಗಳಿಗೆ ಉಳಿದಿದ್ದು ಊಹೆ. ಔಷಧದಂಗಡಿಯವರ ಪ್ರಕಾರ ಆತನಿಗೆ ಮುಖವೇ ಇಲ್ಲ; ಸಂಬಳ ಸಿಗದ ಚಿತ್ರಕಾರ ಮುಖ ಬರೆಯುವ ಗೋಜಿಗೇ ಹೋಗಿಲ್ಲ. ಸರ್ವೇಯರ್ ಮೇಡಂ ಪ್ರಕಾರ ಅವನು ಪೊಲೀಸ್ ಇನ್ಸ್‌ಪೆಕ್ಟರು. ಇಬ್ಬರ ಹೆಗಲ ಅಗಲವೂ ಹನ್ನೊಂದು ಮಿಲಿಮೀಟರು. ನನ್ನ ಸಿದ್ಧಾಂತ ಹದಿನಾಲ್ಕು ಪುಟ, ಎರಡು ನಕ್ಷೆ. ಮಳೆ ಯಾವಾಗ ಬರುತ್ತದೆಂದು ಮೊದಲೇ ತಿಳಿಯುವವನು ಹವಾಮಾನ ಕಚೇರಿಯ ನಿರ್ದೇಶಕ. ಆದ್ದರಿಂದ ಅವನೇ ಇವನು.

ಆ ಭಾನುವಾರ ಈ ಮಾತುಗಳು ತಾರಕಕ್ಕೇರಿದ್ದಾಗ ಪೋಸ್ಟ್‌ಮಾಸ್ಟರು ಚೀಲದಿಂದ ಕಂದು ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

“ಮನೆ ಬದಲಾಯಿಸಿದೆ. ಟ್ರಂಕಿನ ತಳದಲ್ಲಿ ಸಿಕ್ತು” ಎಂದರು.

ತೊಂಬತ್ತಾರನೇ ಸಂಚಿಕೆ! ಔಷಧದಂಗಡಿಯವರು ಕುರ್ಚಿಯಿಂದ ಎದ್ದೇಬಿಟ್ಟರು. ಸರ್ವೇಯರ್ ಮೇಡಂ ಸ್ಕೇಲು ಕೆಳಗಿಟ್ಟರು. ನಾನು ಕೈಗವಸು ತರಲು ಓಡಿದೆ.

“ಹಾಗಾದ್ರೆ ನಿಮಗೆ ಗೊತ್ತು. ಅವನು ಯಾರು?”

“ಗೊತ್ತಿಲ್ಲ. ಕತೆ ಮೂವತ್ತು ಪುಟ, ತಿಂಗಳಿಗೆ ಮೂವತ್ತು ದಿನ. ನಾನು ದಿನಕ್ಕೊಂದೇ ಪುಟ ಓದ್ತಿದ್ದೆ. ಒಂದೇ ಸಲ ಓದಿಬಿಟ್ರೆ ಉಳಿದ ಇಪ್ಪತ್ತೊಂಬತ್ತು ದಿನ ಏನು ಮಾಡೋದು ಹೇಳಿ?”

“ಮೂವತ್ತೊಂದನೇ ತಾರೀಕು?” ಸರ್ವೇಯರ್ ಮೇಡಂ ಕೇಳಿದರು.

“ಜಾಹೀರಾತು ಓದ್ತಿದ್ದೆ.”

“ಫೆಬ್ರವರಿಯಲ್ಲಿ?”

“ಕಷ್ಟ ಆಗ್ತಿತ್ತು. ಕೊನೆ ಎರಡು ದಿನ ಎರಡೆರಡು ಪುಟ. ಅಜೀರ್ಣ ಆದ ಹಾಗೆ.”

ಕೊನೆಯ ಸಂಚಿಕೆಯ ಇಪ್ಪತ್ತೊಂಬತ್ತು ಪುಟ ಓದಿ ಮುಗಿದ ಮರುಬೆಳಗ್ಗೆ ಅವರಿಗೆ ವರ್ಗಾವಣೆ ಆದೇಶ ಬಂತು. ಸಾಮಾನು ಲಾರಿಗೇರಿತು. ಹೊಸ ಊರು ತಲುಪಿ ಸಂಜೆ ಓದಿದರಾಯಿತು ಎಂದುಕೊಂಡರು. ದಾರಿಯಲ್ಲಿ ನೀರಿನ ಕ್ಯಾನು ಉರುಳಿ, ನೀರು ಟ್ರಂಕಿಗೆ ಇಳಿಯಿತು. ಮೂವತ್ತನೇ ಪುಟ ಹಿಂಬದಿಯ ರಟ್ಟಿಗೆ ಗೋಂದು ಹಾಕಿದಂತೆ ಅಂಟಿತು.

“ಮೂವತ್ತೊಂದು ವರ್ಷ ಆಯ್ತು. ಬಿಡಿಸೋಕೆ ಹೋದ್ರೆ ಹರಿದುಹೋಗುತ್ತೆ ಅಂತ ಭಯ. ಆಗಾಗ ಕೈಯಲ್ಲಿ ಹಿಡ್ಕೊಂಡು ಕೂತ್ಕೋತಿದ್ದೆ, ಅಷ್ಟೇ.”

“ಒಂದು ಬ್ಲೇಡ್ ತಗೊಂಡು ಸರ್ರಂತ ಎಳೆದ್ರೆ ಮುಗೀತಲ್ಲ” ಎಂದರು ಔಷಧದಂಗಡಿಯವರು.

“ಹೌದು. ಅರ್ಧ ಮುಖ ರಟ್ಟಿಗೆ, ಅರ್ಧ ಮುಖ ಪುಟಕ್ಕೆ” ಎಂದರು ಮೇಡಂ.

ನಾನು ಎದ್ದು ನಿಂತದ್ದು ಇಲ್ಲಿಯೇ. ಮುಂದಿನ ಭಾನುವಾರ ನಾಲ್ಕು ಗಂಟೆಗೆ ಆ ಪುಟ ತೆರೆದಿರುತ್ತದೆ ಎಂದೆ. ಪೋಸ್ಟ್‌ಮಾಸ್ಟರು ಸಂಕೋಚದಿಂದ ಒಂದು ಮಾತು ಕೇಳಿದರು.

“ಬಿಡಿಸುವಾಗ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತಲ್ಲ?”

“ಬೀಳಲ್ಲ. ಮೊದಲ ನೋಟ ನಿಮ್ಮದೇ. ಇದು ನನ್ನ ಮಾತು.”

ಅವರು ಪೊಟ್ಟಣವನ್ನು ನನ್ನ ಕಡೆ ಸರಿಸಿದರು. ಬೆರಳುಗಳನ್ನು ಮಾತ್ರ ತುಸು ತಡವಾಗಿ ತೆಗೆದರು.

ಶನಿವಾರ ಕೆಲಸ ಶುರುವಾಯಿತು. ಒಣಗಿದ ಅಂಟನ್ನು ಒದ್ದೆ ಮಾಡಬಾರದು, ತೇವದ ಗಾಳಿಯಲ್ಲಿ ಮೆತ್ತಗಾಗಿಸಬೇಕು. ಅದಕ್ಕೆ ಮುಚ್ಚಳವಿರುವ ದೊಡ್ಡ ಪೆಟ್ಟಿಗೆ ಬೇಕು. ಕಂಬಳಿ ಇಡುವ ಪ್ಲಾಸ್ಟಿಕ್ ಪೆಟ್ಟಿಗೆ ಖಾಲಿ ಮಾಡಿದೆ. ತಳದಲ್ಲಿ ನಾಲ್ಕು ಒದ್ದೆ ಸ್ಪಂಜು, ಮೇಲೆ ಓವನ್ನಿನ ಜಾಲರಿ, ಅದರ ಮೇಲೆ ತೊಂಬತ್ತಾರನೇ ಸಂಚಿಕೆ, ಪಕ್ಕದಲ್ಲಿ ತೇವಾಂಶ ಮಾಪಕ. ಉಷ್ಣಾಂಶ ಇಪ್ಪತ್ತನಾಲ್ಕು, ತೇವಾಂಶ ತೊಂಬತ್ತೆರಡು. ಅವಧಿ ಆರು ಗಂಟೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ.

ಹೆಂಡತಿ ದಂತವೈದ್ಯೆ. ಅವಳ ಕ್ಲಿನಿಕ್ ನಮ್ಮ ಕಟ್ಟಡದ ಕೆಳಗಿನ ಅಂತಸ್ತಿನಲ್ಲೇ ಇದೆ. ಮಧ್ಯಾಹ್ನ ಊಟಕ್ಕೆ ಮೇಲೆ ಬಂದವಳು ಸುತ್ತ ನೋಡಿದಳು.

“ಕಂಬಳಿಗಳೆಲ್ಲ ಎಲ್ಲಿ?”

“ಸೋಫಾ ಮೇಲೆ.”

“ಸೋಫಾ ಮೇಲೆ ಅಮ್ಮ ಕೂತಿದ್ರಲ್ಲ?”

“ಈಗಲೂ ಇದ್ದಾರೆ. ಕಂಬಳಿಗಳ ಮೇಲೆ.”

ಹಜಾರದ ಕಡೆಯಿಂದ, ಎತ್ತರದಲ್ಲಿ, “ಇಲ್ಲಿಂದ ಬೀದಿ ಚೆನ್ನಾಗಿ ಕಾಣುತ್ತೆ” ಎಂದು ಅತ್ತೆಯ ದನಿ ಕೇಳಿತು.

“ನಿನ್ನ ಹತ್ತಿರ ಹಲ್ಲಿನ ಗುಂಡಿ ತುಂಬೋದಕ್ಕೆ ಒಂದು ಚಪ್ಪಟೆ ಉಪಕರಣ ಇದೆಯಲ್ಲ, ತೆಳ್ಳಗಿನದು. ಒಂದು ಗಂಟೆಗೆ ಬೇಕಿತ್ತು.”

“ಅದು ಜನರ ಬಾಯಿಗೆ ಹೋಗೋದು.”

“ಕುದಿಸಿ ಶುದ್ಧ ಮಾಡ್ತೀನಿ.”

“ಪುಸ್ತಕಕ್ಕೆ ಮೊದಲೋ, ಆಮೇಲೋ?”

“ಎರಡೂ ಸಲ.”

ಅವಳು ಕೊಟ್ಟಳು. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಅವಳು ಕಲಿತದ್ದೇನೆಂದರೆ, ಉಪಕರಣ ಕೊಡದಿದ್ದರೆ ನಾನು ಅದಕ್ಕಿಂತ ಕೆಟ್ಟದ್ದೇನನ್ನೋ ಹುಡುಕಿಕೊಳ್ಳುತ್ತೇನೆ.

ಇನ್ನು ಕೊಟ್ಟ ಮಾತು. ನೋಡದೆ ಬಿಡಿಸುವುದು ಹೇಗೆ? ಇದಕ್ಕೆ ನಾನು ಕಂಡುಕೊಂಡ ಉಪಾಯ ಇಂದಿಗೂ ನನಗೆ ಹೆಮ್ಮೆಯದು. ನನ್ನ ಕನ್ನಡಕದ ಶಕ್ತಿ ಮೈನಸ್ ಆರು. ಅದನ್ನು ತೆಗೆದರೆ ಮೂಗಿನಿಂದ ಹದಿನೇಳು ಸೆಂಟಿಮೀಟರಿನ ಒಳಗಿರುವುದು ಮಾತ್ರ ಕಾಣುತ್ತದೆ. ಅದರಾಚೆ ಹೆಂಡತಿಗೂ ಫ್ರಿಜ್ಜಿಗೂ ಇರುವ ವ್ಯತ್ಯಾಸ ನನಗೆ ತಿಳಿಯುವುದು ಇಬ್ಬರಲ್ಲಿ ಒಬ್ಬರು ಮಾತಾಡಿದಾಗ. ಆದ್ದರಿಂದ ಕನ್ನಡಕ ತೆಗೆದು, ಕೈ ಚಾಚಿ, ಅರ್ಧ ಮೀಟರ್ ದೂರದಲ್ಲಿ ಕೆಲಸ ಮಾಡುವುದು. ಪುಟ ಕಣ್ಣೆದುರಿಗಿದ್ದರೂ ಮಂಜು. ಮಾತಿಗೆ ಮಾತು ಉಳಿಯಿತು, ಕೆಲಸಕ್ಕೆ ಕೆಲಸವೂ ಆಯಿತು.

ಆಸೆ ತಡೆಯಲಾರದೆ ಹಾಕಿಕೊಂಡುಬಿಟ್ಟರೆ ಎಂದು ಕನ್ನಡಕವನ್ನು ಅತ್ತೆಯ ವಶಕ್ಕೆ ಒಪ್ಪಿಸಿದೆ. “ನಾಳೆ ನಾಲ್ಕು ಗಂಟೆವರೆಗೆ ಕೇಳಿದ್ರೂ ಕೊಡಬೇಡಿ.”

“ಸರಿ ಅಳಿಯಂದಿರೇ. ಮೆಟ್ಟಿಲು ಮಾತ್ರ ಇಳೀಬೇಡಿ” ಎಂದರು ಅವರು ಕಂಬಳಿಗಳ ಮೇಲಿಂದ.

ಆರು ಗಂಟೆಯ ಬಳಿಕ ಪೆಟ್ಟಿಗೆ ತೆರೆದು, ಚಪ್ಪಟೆ ಉಪಕರಣವನ್ನು ಪುಟಕ್ಕೂ ರಟ್ಟಿಗೂ ನಡುವೆ ಕೂದಲೆಳೆಯಷ್ಟು ತೂರಿಸಿದೆ. ನಲವತ್ತು ನಿಮಿಷ ಉಸಿರು ಬಿಗಿಹಿಡಿದು, ಬೆರಳ ತುದಿಯ ಸ್ಪರ್ಶವೊಂದನ್ನೇ ನಂಬಿ, ಮೂಲೆಯಿಂದ ಮೂಲೆಗೆ ಸರಿಸಿದೆ. ಕೊನೆಗೆ ‘ಪಸಕ್’ ಎಂಬ ಸಣ್ಣ ಸದ್ದು. ಬೆರಳಾಡಿಸಿ ನೋಡಿದೆ, ಎಲ್ಲಿಯೂ ಹರಿದಿರಲಿಲ್ಲ. ಮೂವತ್ತೊಂದು ವರ್ಷಗಳ ಅಂಟು ಬಿಟ್ಟಿತ್ತು! ಆ ಕ್ಷಣದಲ್ಲಿ ಯಾರಾದರೂ ನನಗೊಂದು ಪದಕ ಹಿಡಿದು ಬಂದಿದ್ದರೆ ಬೇಡ ಎನ್ನುತ್ತಿರಲಿಲ್ಲ. ಬಂದಿದ್ದರೂ ಕಾಣುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೈಯಾಡಿಸಿದರೆ ಕೊನೆಯ ಪುಟ ಒಣ ಎಲೆಯಂತೆ ಸುರುಳಿ ಸುತ್ತಿಕೊಂಡಿದೆ. ಹಳೆಯ ಕಾಗದವನ್ನು ಭಾರದ ಕೆಳಗಿಟ್ಟು ನಲವತ್ತೆಂಟು ಗಂಟೆ ಕಾಯಬೇಕೆಂದು ನನ್ನ ಬಳಿಯ ಕೈಪಿಡಿ ಹೇಳುತ್ತದೆ. ನನ್ನ ಬಳಿ ಇದ್ದದ್ದು ಏಳು ಗಂಟೆ. ಒಪ್ಪವಾಗಿ, ಸಪಾಟಾಗಿ, ಹೊಸದರಂತೆ ಅವರ ಕೈಗಿಡಬೇಕೆಂಬ ಹುಚ್ಚು ಬೇರೆ. ವಿಜ್ಞಾನಿ ಸೋತ, ಮೆರೆಯುವವನು ಗೆದ್ದ. ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟೆ.

ವಿಧಾನ ಮಾತ್ರ ಶಾಸ್ತ್ರೀಯ. ಶಾಖ ಅತ್ಯಂತ ಕಡಿಮೆ. ಪುಟದ ಅಡಿಗೆ ತೇವ ಹೀರಲು ಬಿಳಿ ಹತ್ತಿಬಟ್ಟೆ. ಇಸ್ತ್ರಿ ಹಲಗೆಯ ಮೇಲೆ ಆಗಲೇ ಒಂದು ಹಾಸಿತ್ತು. ಪುಟದ ಮೇಲೆ, ಇಸ್ತ್ರಿಯ ಬಿಸಿ ನೇರವಾಗಿ ತಾಗದಂತೆ, ಬೇಕಿಂಗ್ ಪೇಪರ್. ಅಡುಗೆಮನೆಯ ಅರೆಯಲ್ಲಿ ಒಂದೇ ಉದ್ದದ ಎರಡು ನೀಲಿ ಡಬ್ಬಗಳಿರುತ್ತವೆ. ಒಂದರಲ್ಲಿ ಬೇಕಿಂಗ್ ಪೇಪರ್, ಇನ್ನೊಂದರಲ್ಲಿ ಹೆಂಡತಿ ಬ್ರೆಡ್ಡು ಸುತ್ತುವ ಮೇಣದ ಕಾಗದ. ಎಡಗಡೆಯದು ಬೇಕಿಂಗ್ ಪೇಪರ್ ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ಮೂಗಿಗೆ ಹದಿನೇಳು ಸೆಂಟಿಮೀಟರ್ ಹತ್ತಿರ ಹಿಡಿದು ಓದಬಹುದಿತ್ತು. ಖಚಿತವಾಗಿ ಗೊತ್ತಿರುವುದನ್ನು ಯಾರು ಓದುತ್ತಾರೆ?

ಪುಸ್ತಕವನ್ನು ಹಿಂಬದಿಯಿಂದ ತೆರೆದು, ಮೂವತ್ತನೇ ಪುಟ ಬಟ್ಟೆಗೆ ಮುಖವಿಟ್ಟು ಬೋರಲಾಗುವಂತೆ ಹಾಸಿ, ಕಾಗದ ಹೊದಿಸಿ, ಇಸ್ತ್ರಿ ಒತ್ತಿದೆ. ಸುರುಳಿ ಹೆಚ್ಚಿದ್ದ ಕೆಳಮೂಲೆಯಲ್ಲಿ ಮತ್ತಷ್ಟು ಒತ್ತಿದೆ.

“ಅಳಿಯಂದಿರೇ, ಕರೆಂಟು ಇದೆಯಲ್ಲ, ಮೇಣದಬತ್ತಿ ಯಾಕೆ ಹಚ್ಚಿದ್ರಿ?” ಅತ್ತೆ ಹಜಾರದಿಂದ ಕೇಳಿದರು.

“ಅದು ಹಳೇ ಶಾಯಿಯ ವಾಸನೆ ಅತ್ತೆ. ನಿಮಗೆ ಗೊತ್ತಾಗಲ್ಲ.”

ಪುಟ ಸಪಾಟಾಯಿತು, ಗಾಜಿನಷ್ಟು ನಯವಾಯಿತು. ಪುಸ್ತಕ ಮುಚ್ಚಿ ಲಕೋಟೆಗೆ ಹಾಕಿದೆ. ಹಲಗೆಯ ಬಟ್ಟೆಯ ಮೇಲೆ ಮಸುಕು ಮಸುಕಾಗಿ ಏನೋ ಕಂಡಿತು. ತೇವದ ಕಲೆ, ಆರುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಹೆಂಡತಿ ಬಂದು ಆ ಬಟ್ಟೆಯನ್ನು ಹೆಗಲು ಹಿಡಿದು ಎತ್ತಿದಳು. ಅದಕ್ಕೆ ತೋಳುಗಳಿರುವುದು ನನಗೆ ಆಗ ತಿಳಿಯಿತು.

“ಇದೇನ್ರಿ, ನನ್ನ ಕೋಟು ಇಸ್ತ್ರಿ ಮಾಡಿಟ್ಟಿದೀರಾ?”

ಮನುಷ್ಯನ ಜೀವನದಲ್ಲಿ ಸತ್ಯ ಹೇಳಲು ಎರಡು ಸೆಕೆಂಡು ಸಿಗುತ್ತದೆ. ನಾನು ಎರಡನ್ನೂ ಮುಗುಳ್ನಗಲು ಬಳಸಿದೆ.

“ಹೌದು. ನೀನು ಎಷ್ಟು ಅಂತ ಮಾಡ್ತೀಯ.”

“ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು” ಎಂದು ಅವಳು ಮುಂಭಾಗವನ್ನು ನೋಡಿ, ತೊಟ್ಟು, ಗುಂಡಿ ಹಾಕಿಕೊಂಡು ಖುಷಿಯಿಂದ ಕೆಳಗಿಳಿದಳು. ಭಾನುವಾರ ಅವಳಿಗೆ ಬಿಡುವಿಲ್ಲದ ದಿನ. ವಾರವಿಡೀ ಕಚೇರಿಯಲ್ಲಿರುವವರ ಹಲ್ಲುಗಳಿಗೆ ಅದೊಂದೇ ರಜೆ.

ಸಂಜೆ ಪೋಸ್ಟ್‌ಮಾಸ್ಟರು ಕಾಲು ಗಂಟೆ ಮುಂಚೆಯೇ ಬಂದರು. ತೋಳಿನ ಮಡಿಕೆ ಚಾಕುವಿನಂತಿದ್ದ ಅಂಗಿ. ಬಂದವರೇ ಸಾಬೂನು ಹಾಕಿ ಕೈ ತೊಳೆದುಕೊಂಡರು. ಉಳಿದಿಬ್ಬರೂ ಬಂದು ಕುಳಿತರು. ಅತ್ತೆ ನನಗೆ ಕನ್ನಡಕ ಹಿಂದಿರುಗಿಸಿದರು. ಲೋಕ ಮತ್ತೆ ಅಂಚುಗಳನ್ನು ಪಡೆಯಿತು.

ನಾನು ಹಾಗೇ ಕೊಡಬಹುದಿತ್ತು. ಕೊಡಲಿಲ್ಲ. ಮೊದಲು ಹದಿನಾಲ್ಕು ಪುಟಗಳ ಸಿದ್ಧಾಂತ ಓದಿದೆ. ಎರಡನೇ ನಕ್ಷೆಗೆ ಬರುವ ಹೊತ್ತಿಗೆ ಔಷಧದಂಗಡಿಯವರು, “ಸ್ವಾಮಿ, ಅವರು ಕಾದಿರೋದು ಮೂವತ್ತೊಂದು ವರ್ಷ. ನಿಮ್ಮದು ಇನ್ನೊಂದು ಮೂವತ್ತೊಂದು ಆಗ್ತಿದೆ” ಎಂದರು. ಮುಗಿಸಿದೆ. ನಿರ್ದೇಶಕನೇ ಎಂದು ಕೊನೆಯ ಬಾರಿ ಮೇಜು ಕುಟ್ಟಿ, ಲಕೋಟೆಯಿಂದ ಪುಸ್ತಕ ತೆಗೆದು ಪೋಸ್ಟ್‌ಮಾಸ್ಟರ ಕೈಗಿಟ್ಟೆ.

ಅವರು ತೊಡೆಯ ಮೇಲಿಟ್ಟುಕೊಂಡು, ಹಿಂಬದಿಯ ರಟ್ಟನ್ನು ಮೆಲ್ಲನೆ ತೆರೆದರು. ನೋಡಿದರು. ಬಹಳ ಹೊತ್ತು ನೋಡಿದರು.

“ಯಾರು?” ನನಗೆ ತಡೆಯಲಾಗಲಿಲ್ಲ.

ಅವರು ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು. ಪುಟದಲ್ಲಿ ಐದು ಚೌಕಗಳು. ಮೊದಲ ನಾಲ್ಕು, ನೀರು ಬೆರೆಸಿದ ಹಾಲಿನಂತೆ ಪೇಲವ. ಐದನೆಯದು ದೊಡ್ಡದು, ಕೆಳಮೂಲೆಯಲ್ಲಿ. ಮಡಚಿದ ಕೊಡೆಯ ಹಿಡಿ ಅರ್ಧ ಉಳಿದಿತ್ತು. ಕೋಟಿನ ಕಾಲರು ಉಳಿದಿತ್ತು. ಕಾಲರಿನ ಮೇಲೆ ಏನೂ ಇರಲಿಲ್ಲ. ಬರೀ ಬಿಳಿ.

“ನಾನು ಹೇಳಿರ್ಲಿಲ್ವಾ?” ಔಷಧದಂಗಡಿಯವರು ತೊಡೆ ತಟ್ಟಿದರು. “ಮುಖವೇ ಇಲ್ಲ! ಸಂಬಳ ಕೊಟ್ಟಿಲ್ಲ, ಮುಖ ಬರೆದಿಲ್ಲ.”

ಸರ್ವೇಯರ್ ಮೇಡಂ ಪುಟದ ಮೇಲೆ ಉಗುರು ಎಳೆದು, ಉಗುರಿನ ಅಂಚನ್ನು ನೋಡಿದರು. “ಮೇಣ” ಎಂದರು.

ನಾನು ಅಡುಗೆಮನೆಗೆ ಹೋದೆ. ಎಡಗಡೆಯ ನೀಲಿ ಡಬ್ಬದ ಮೇಲೆ, ಎರಡು ಮೀಟರ್ ದೂರದಿಂದ ಓದಬಹುದಾದ ಅಕ್ಷರಗಳಲ್ಲಿ, ಮೇಣದ ಕಾಗದ ಎಂದಿತ್ತು. ಬಿಸಿ ಮೇಣ ಎಣ್ಣೆಯ ಶಾಯಿಯನ್ನು ಕರಗಿಸಿ ಸಾಗಿಸುತ್ತದೆ ಎಂಬುದು ರಸಾಯನಶಾಸ್ತ್ರದ ಮೊದಲ ವರ್ಷದ ಪಾಠ. ಅದರಲ್ಲಿ ನನಗೆ ಪ್ರಥಮ ದರ್ಜೆ ಬಂದಿತ್ತು.

ವಾಪಸು ಬಂದು ಎಲ್ಲವನ್ನೂ ಒಪ್ಪಿಕೊಂಡೆ. ಇಸ್ತ್ರಿ, ಡಬ್ಬ, ಕನ್ನಡಕ. ಹೇಳುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು. ಪೋಸ್ಟ್‌ಮಾಸ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕವನ್ನು ಮುಚ್ಚಿ, ಅದೇ ಕಂದು ಕಾಗದದಲ್ಲಿ, ಅದೇ ಹಳೆಯ ಮಡಿಕೆಗಳ ಮೇಲೆ ಸುತ್ತಿದರು.

“ನೀವು ಕನ್ನಡಕ ತೆಗೆದಿಟ್ರಲ್ಲ, ನನ್ನ ಮಾತಿಗೆ. ಅಷ್ಟು ಸಾಕು ಬಿಡಿ. ನನಗೆ ಕಾದು ಅಭ್ಯಾಸ ಇದೆ” ಎಂದರು.

ಔಷಧದಂಗಡಿಯವರು ತಮ್ಮ ಗೆಲುವನ್ನು ಎಲ್ಲಿಡಬೇಕೆಂದು ತಿಳಿಯದೆ ಕೆಮ್ಮಿದರು.

ಆಗ ಬಾಗಿಲು ತೆರೆದು ಹೆಂಡತಿ ಒಳಬಂದಳು. ಎರಡು ಪೇಶೆಂಟುಗಳ ನಡುವೆ ನೀರು ಕುಡಿಯಲು ಬಂದವಳು, ಕೋಟು ತೊಟ್ಟೇ ಇದ್ದಳು.

“ಇವತ್ತು ಜನಕ್ಕೆ ಏನಾಗಿದೆಯೋ. ನಾನು ಬೆನ್ನು ತಿರುಗಿಸಿದ ಕೂಡಲೇ ಕುರ್ಚಿಯಲ್ಲಿದ್ದೋರು ಕಿಸಕ್ ಅಂತಾರೆ. ಆ ಬ್ಯಾಂಕ್ ಮ್ಯಾನೇಜರು, ಬಾಯಿ ತೆಗೆಸೋಕೇ ಅರ್ಧ ಗಂಟೆ ಬೇಕು ಅವರಿಗೆ. ಇವತ್ತು ನಗ್ತಾ ನಗ್ತಾ ದವಡೆಹಲ್ಲು ಕೀಳಿಸ್ಕೊಂಡ್ರು.” ಹೀಗೆನ್ನುತ್ತ ಫ್ರಿಜ್ಜು ತೆರೆಯಲು ನಮಗೆ ಬೆನ್ನು ತಿರುಗಿಸಿದಳು.

ಹೆಂಡತಿಯ ಬೆನ್ನಿನ ಮೇಲೆ ಮಳೆ ಸುರಿಯುತ್ತಿತ್ತು. ಹೆಗಲಿನಿಂದ ಸೊಂಟದವರೆಗೆ ಐದು ಚೌಕಗಳು. ನೀಲಿ, ಹಳದಿ, ಕಪ್ಪು, ಒಂದೂ ಮಾಸಿರಲಿಲ್ಲ.

“ಡಾಕ್ಟರ್, ಅಲ್ಲಾಡಬೇಡಿ” ಎಂದರು ಸರ್ವೇಯರ್ ಮೇಡಂ. ದಿನಕ್ಕೆ ಮೂವತ್ತು ಸಲ ಈ ಮಾತನ್ನು ಹೇಳುವವಳಿಗೆ ಇನ್ನೊಬ್ಬರು ಹೇಳಿದ್ದು ಇದೇ ಮೊದಲಿರಬೇಕು. ಅವಳು ನೀರಿನ ಬಾಟಲಿ ಹಿಡಿದು ಹಾಗೇ ಕಲ್ಲಾದಳು.

“ಜಿರಲೆನಾ?”

“ಕೊಡೆ” ಎಂದೆ ನಾನು.

ಕತ್ತು ತಿರುಗಿಸಿದರೂ ಕಾಣದೆ, ಕೋಟು ಕಳಚಿ ಮುಂದೆ ಹಿಡಿದು, ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“‘ನೀನು ಎಷ್ಟು ಅಂತ ಮಾಡ್ತೀಯ’ ಅಂದ್ರಲ್ಲ ಬೆಳಿಗ್ಗೆ?”

“ಅದು, ಆಗ...”

“ಇಪ್ಪತ್ತಾರು ಪೇಶೆಂಟುಗಳು ನೋಡಿದಾರೆ ಇದನ್ನ.”

ಅಂದರೆ ಮೂವತ್ತೊಂದು ವರ್ಷ ಜಗತ್ತಿಗೆ ಕಾಣದ ಮುಖವನ್ನು ಹಲ್ಲುನೋವಿನ ಇಪ್ಪತ್ತಾರು ಮಂದಿ, ನಮಗಿಂತ ಮೊದಲು, ಬಾಯಿ ಕಳೆದು ನೋಡಿದ್ದರು. ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ.

ಚಿತ್ರ ಎಡಬಲ ತಿರುಗುಮುರುಗಾಗಿತ್ತು, ಅಕ್ಷರಗಳೂ. “ಡಾಕ್ಟರುಗಳ ಚೀಟಿ ಓದೋನು ನಾನು, ಇದೇನು ಮಹಾ” ಎಂದು ಔಷಧದಂಗಡಿಯವರು ಮುಂದೆ ಬಾಗಿ, ಎರಡು ಅಕ್ಷರ ಓದಿ, ಕೈಚೆಲ್ಲಿದರು.

“ಕನ್ನಡಿ ಬೇಕು” ಎಂದರು ಮೇಡಂ.

ಆಳೆತ್ತರದ ಕನ್ನಡಿ ಇರುವುದು ನಮ್ಮ ಮಲಗುವ ಕೋಣೆಯ ಬೀರುವಿನಲ್ಲಿ. ಅಲ್ಲಿ ಮಂಚದ ಮೇಲೆ ಸೋಫಾದಿಂದ ಸ್ಥಳಾಂತರಗೊಂಡ ಕಂಬಳಿಗಳ ಬೆಟ್ಟ, ನೆಲದ ಮೇಲೆ ಸ್ಪಂಜುಗಳು, ನಡುವೆ ಇಸ್ತ್ರಿ ಹಲಗೆ. ಬೇಡ ಎನ್ನುವಷ್ಟರಲ್ಲಿ ಎಲ್ಲರೂ ಒಳಗಿದ್ದರು. ಹೆಂಡತಿ ಕೋಟನ್ನು ಹ್ಯಾಂಗರಿಗೆ ಹಾಕಿ ಕಿಟಕಿಯ ಸರಳಿಗೆ, ಕನ್ನಡಿಗೆ ಎದುರಾಗಿ ನೇತುಹಾಕಿದಳು. ಔಷಧದಂಗಡಿಯವರು ಕನ್ನಡಿಯ ಕಡೆ ಹೆಜ್ಜೆ ಇಟ್ಟರು.

“ನಿಲ್ಲಿ” ಎಂದಳು ಹೆಂಡತಿ, ಅರಿವಳಿಕೆ ಚುಚ್ಚುವ ಮುಂಚಿನ ದನಿಯಲ್ಲಿ. “ಮೊದಲು ಯಾರು ನೋಡಬೇಕು ಅಂತ ಮಾತಾಗಿತ್ತು?”

ಹಾಗೆ ನಾವು ನಾಲ್ವರು, ಒಬ್ಬ ರಸಾಯನ ತಜ್ಞ, ಒಬ್ಬ ದಂತವೈದ್ಯೆ, ಒಬ್ಬ ಔಷಧ ವ್ಯಾಪಾರಿ, ಒಬ್ಬ ಭೂಮಾಪಕಿ, ತರಗತಿಯಲ್ಲಿ ಶಿಕ್ಷೆಗೆ ನಿಂತವರಂತೆ ಗೋಡೆಗೆ ಮುಖ ಮಾಡಿ ನಿಂತೆವು. ಹಿಂದೆ ಪೋಸ್ಟ್‌ಮಾಸ್ಟರ ಉಸಿರು ಕೇಳುತ್ತಿತ್ತು. ಒಂದು ಚೌಕಕ್ಕೆ ಅರ್ಧ ನಿಮಿಷದಂತೆ ಅವರು ಓದಿದರು, ನಾನು ಎಣಿಸಿದೆ. ಐದನೆಯದಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡರು.

“ಬನ್ನಿ” ಎಂದರು ಕೊನೆಗೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮುಖ ಮಾತ್ರ ಅರಳಿತ್ತು.

ನಾವು ಮುಗಿಬಿದ್ದೆವು. ಕನ್ನಡಿಯಲ್ಲಿ, ಮಡಚಿದ ಕೊಡೆಗೆ ಒರಗಿ, ಸುಮಾರು ಐವತ್ತರ ಒಬ್ಬ ಮನುಷ್ಯ ನಗುತ್ತಿದ್ದ. ದೊಡ್ಡ ಕಿವಿ, ತೆಳು ಮೀಸೆ, ನೆನೆದ ಕೂದಲು. ತಲೆಯ ಮೇಲಿನ ಮಾತು: ‘ದಿನವೂ ನೋಡಿದಿರಿ. ಗುರುತು ಸಿಗಲಿಲ್ಲವೇ?’

ನಮಗೆ ಗುರುತು ಸಿಗಲಿಲ್ಲ. ಇನ್ಸ್‌ಪೆಕ್ಟರಿಗೆ ಮೀಸೆಯಿಲ್ಲ. ನಿರ್ದೇಶಕನಿಗೆ ಕೂದಲಿಲ್ಲ. ಮುಖವಂತೂ ಇದ್ದೇ ಇತ್ತು.

“ಯಾರಿವನು?” ಎಂದರು ಔಷಧದಂಗಡಿಯವರು.

“ಎಲ್ಲೋ ನೋಡಿದ ಹಾಗಿದೆ” ಎಂದರು ಪೋಸ್ಟ್‌ಮಾಸ್ಟರು. “ಎಲ್ಲಿ ಅಂತ ಹೊಳೀತಿಲ್ಲ.”

ಗದ್ದಲ ಕೇಳಿ ಅತ್ತೆ ಬಾಗಿಲಿಗೆ ಬಂದರು. ಕನ್ನಡಿಯ ಕಡೆ ಒಮ್ಮೆ ನೋಡಿ, “ಓ, ಬಾಗಿಲು ತೆಗೆಯೋನು” ಎಂದರು.

ಐದು ತಲೆಗಳು ಒಟ್ಟಿಗೆ ತಿರುಗಿದವು.

“ಆ ಮಳೆ ಆಫೀಸಿನ ಬಾಗಿಲ ಹತ್ತಿರ ಸ್ಟೂಲ್ ಮೇಲೆ ಕೂತಿರ್ತಾನಲ್ಲಪ್ಪ. ಸಾಹೇಬರು ಬಂದ್ರೆ ಎದ್ದು ಬಾಗಿಲು ತೆಗೀತಾನೆ. ಒಂದೂ ಮಾತಿಲ್ಲ ಅವನಿಗೆ. ಮಿಕ್ಕವರ ಬೂಟೆಲ್ಲ ಒಣಗಿರುತ್ತೆ, ಇವನದು ಮಾತ್ರ ಯಾವಾಗ್ಲೂ ಒದ್ದೆ. ಸ್ಟೂಲಿನ ಕೆಳಗೆ ಒಂದು ಚಿಕ್ಕ ನೀರಿನ ಮಡು ಬರೆದಿರ್ತಾರೆ. ನನಗೆ ಮೂರನೇ ಪುಸ್ತಕದಲ್ಲೇ ಗೊತ್ತಾಯ್ತು.”

ಸರ್ವೇಯರ್ ಮೇಡಂ ಕಪಾಟಿಗೆ ಓಡಿದರು. ಸಂಚಿಕೆ ಒಂದು, ಪುಟ ನಾಲ್ಕು: ಬಾಗಿಲು, ಸ್ಟೂಲು, ದೊಡ್ಡ ಕಿವಿ, ಸ್ಟೂಲಿನಡಿ ಉಗುರಿನಷ್ಟು ನೀಲಿ ಮಡು. ಸಂಚಿಕೆ ಹದಿನೇಳು, ಅಲ್ಲೂ ಇತ್ತು. ಐವತ್ತೆರಡು, ಎಂಬತ್ತೊಂಬತ್ತು, ಎಲ್ಲದರಲ್ಲೂ ಇತ್ತು. ಮಳೆಯ ದಿನಗಳನ್ನು ಎಣಿಸಿ ನಕ್ಷೆ ಹಾಕಿದವನು ನಾನು. ನನ್ನ ಸಿದ್ಧಾಂತ ಹವಾಮಾನ ಕಚೇರಿಯವರೆಗೆ ಸರಿಯಾಗಿಯೇ ಹೋಗಿತ್ತು. ಬಾಗಿಲು ತೆಗೆದವನ ಮುಖ ನೋಡದೆ ನೇರ ನಿರ್ದೇಶಕರ ಕೋಣೆಗೆ ನುಗ್ಗಿತ್ತು.

“ನಮ್ಮ ಆಫೀಸಲ್ಲೂ ಒಬ್ಬ ಇದ್ದ” ಎಂದರು ಪೋಸ್ಟ್‌ಮಾಸ್ಟರು ತಮ್ಮಷ್ಟಕ್ಕೆ. “ಹನ್ನೊಂದು ವರ್ಷ ನನಗೆ ಬಾಗಿಲು ತೆಗೆದ. ಮನೆ ಎಲ್ಲಪ್ಪಾ ಅಂತ ಒಂದು ದಿನವೂ ಕೇಳ್ಲಿಲ್ಲ.” ಆಮೇಲೆ ಅವರು ನಕ್ಕರು. ಎರಡು ತಿಂಗಳಲ್ಲಿ ಅವರು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಎಂಥಾ ಕೆಲಸ ಮಾಡಿದಾನ್ರೀ ಚಿತ್ರ ಬರೆದೋನು! ಮೂವತ್ತೊಂದು ವರ್ಷ ಕಾದದ್ದಕ್ಕೂ ಸಾರ್ಥಕ ಆಯ್ತು.”

“ಅತ್ತೆ, ನಿಮಗೆ ಗೊತ್ತಿತ್ತು ಅಂದ್ರೆ, ನನ್ನ ಕಪಾಟು...”

“ಮಧ್ಯಾಹ್ನ ಹೊತ್ತು ಹೋಗಬೇಕಲ್ಲ ಅಳಿಯಂದಿರೇ. ಎರಡು ವರ್ಷದಿಂದ ಓದ್ತಾ ಇದೀನಿ.”

“ಕೈಗವಸು?”

“ಬಟಾಣಿ ಸುಲೀತಾ ಗವಸು ಹಾಕ್ಕೊಳ್ಳೋಕಾಗುತ್ತಾ?”

“ಒಂದು ಮಾತು ಹೇಳಬಾರದಿತ್ತಾ? ಪ್ರತಿ ಭಾನುವಾರ ಇಲ್ಲೇ ಕೂತಿರ್ತೀರಲ್ಲ.”

“ನೀವು ಯಾರೂ ಕೇಳ್ಲಿಲ್ಲ” ಎಂದರು ಅವರು, ಯಾವ ಬೇಸರವೂ ಇಲ್ಲದೆ.

ಕೋಟನ್ನು ಹೆಂಡತಿ ತಾನೇ ಮಡಚಿ, ಪೋಸ್ಟ್‌ಮಾಸ್ಟರ ಕೈಗಿಟ್ಟಳು. ಅವರು ಬೇಡ ಬೇಡ ಎನ್ನುತ್ತಲೇ ಎದೆಗವಚಿಕೊಂಡರು. ಸೋಮವಾರದಿಂದ ಅವಳು ನನ್ನ ಪ್ರಯೋಗಾಲಯದ ಕೋಟು ತೊಟ್ಟು ಹಲ್ಲು ಕೀಳುತ್ತಿದ್ದಾಳೆ. ಜೇಬಿನ ಮೇಲೆ ‘ಕುಡಿಯುವ ನೀರು’ ಎಂದು ಹೊಲಿದಿರುವುದರಿಂದ ಬಾಯಿ ಮುಕ್ಕಳಿಸುವವರು ಗೊಂದಲಕ್ಕೆ ಬೀಳುತ್ತಾರಂತೆ.

ಬಳಗ ಆ ಸಂಜೆಯೇ ಸರ್ವಾನುಮತದಿಂದ ಎರಡು ನಿರ್ಣಯ ಮಾಡಿತು. ನನ್ನ ಮತವನ್ನು ಕೇಳಲಿಲ್ಲ. ಒಂದು, ಇನ್ನು ಭಾನುವಾರದ ಉಪನ್ಯಾಸ ಅತ್ತೆಯವರದು. ಮೂಲೆಯ ಕುರ್ಚಿ ಈಗ ಹಜಾರದ ನಡುವೆ ಬಂದಿದೆ. ಅವರು ಬಟಾಣಿ ಸುಲಿಯುತ್ತ ಮಾತಾಡುತ್ತಾರೆ, ಮೇಡಂ ಬರೆದುಕೊಳ್ಳುತ್ತಾರೆ, ಪೋಸ್ಟ್‌ಮಾಸ್ಟರು ಸಿಪ್ಪೆ ಆರಿಸುತ್ತಾರೆ. ನಡುವೆ ಬಾಗಿಲ ಕರೆಗಂಟೆ ಸದ್ದಾದರೆ ಯಾರೂ ಏಳುವುದಿಲ್ಲ.

ಎರಡನೇ ನಿರ್ಣಯದ ಪ್ರಕಾರ, ಬಾಗಿಲು ತೆಗೆಯುವವನು ನಾನು.